ದಾರಕ್ಕೆ ಚಳಿಯಾದ ಮಳೆಗಾಲ

ನನಗೊಂದು ಚಟವಿದೆ. ಮನೆಗೆ ಬಂದ ಯಾವ ಪೊಟ್ಟಣದ ದಾರವನ್ನೂ ನಾನು ಎಸೆಯಲಾರೆ. ಸ್ವೀಟ್ ಡಬ್ಬಕ್ಕೆ ಸುತ್ತಿದ ಬಿಳಿ ನೂಲು, ಹೂವಿನ ಜೊತೆ ಬಂದ ಬಾಳೆನಾರು, ಅಕ್ಕಿ ಚೀಲದ ಬಾಯಿಂದ ಸರ್ರನೆ ಬಿಚ್ಚಿಕೊಂಡು ಬರುವ ಹೊಲಿಗೆ ದಾರ, ಎಲ್ಲವನ್ನೂ ಬೆರಳಿಗೆ ಸುತ್ತಿ ಉಂಡೆ ಮಾಡಿ ಅಡುಗೆಮನೆಯ ಡ್ರಾಯರಿಗೆ ಹಾಕುತ್ತೇನೆ. ಆ ಡ್ರಾಯರು ಈಗ ಪೂರ್ತಿ ತೆರೆಯುವುದೂ ಇಲ್ಲ, ಪೂರ್ತಿ ಮುಚ್ಚುವುದೂ ಇಲ್ಲ. ಚಮಚ ಹುಡುಕಲು ಹೋದ ನಮ್ಮ ಮನೆಯವರು ಕೈಗೆ ಸಿಕ್ಕಿದ ಗೋಜಲನ್ನು ಎತ್ತಿ ಹಿಡಿದು, "ಇಷ್ಟು ದಾರ ಇಟ್ಕೊಂಡು ಯಾರನ್ನ ಕಟ್ಟಿಹಾಕ್ಬೇಕು ಅಂತಿದ್ದೀಯ?" ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ.

ಮೊನ್ನೆ ರಜೆಗೆ ಬಂದಿದ್ದ ನನ್ನ ಅಕ್ಕನ ಮಗಳಿಗೂ ಆ ಡ್ರಾಯರು ಕಂಡಿತು. ಅವಳು ಬಿ.ಎಡ್. ಓದುತ್ತಿದ್ದಾಳೆ. "ಶಾಲೆಗಳಲ್ಲಿ ವಿದ್ಯಾರ್ಥಿಗಳ ಸೃಜನಶೀಲತೆಯನ್ನು ಪೋಷಿಸುವ ಬಗೆ" ಎಂಬ ವಿಷಯದ ಮೇಲೆ ಪ್ರಬಂಧ ಬರೆಯಬೇಕಂತೆ.

"ಚಿಕ್ಕಮ್ಮ, ನೀವು ಇಷ್ಟು ವರ್ಷ ಪಾಠ ಮಾಡಿದ್ದೀರಲ್ಲ, ಪಾಯಿಂಟ್ ಪಾಯಿಂಟಾಗಿ ಹೇಳಿ, ಬರ್ಕೊಳ್ತೀನಿ" ಎಂದು ಪೆನ್ನು ಹಿಡಿದು ಕೂತಳು. ನಾನು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಬಾಯಿ ತೆರೆದೆ. ಹೊರಗೆ ಬಂದದ್ದು ಇಷ್ಟು: "ಒಂದು ವರ್ಷ ನಮ್ಮ ಶಾಲೆಯ ರೈಲು ಕಂಬಿ ಕಳೆದುಹೋಯ್ತು."

ಅವಳು ಪೆನ್ನು ಕೆಳಗಿಟ್ಟಳು. "ಇದು ಪಾಯಿಂಟ್ ಅಲ್ಲ ಚಿಕ್ಕಮ್ಮ."

ನಿಜವೇ. ಆದರೆ ನನ್ನ ಹತ್ತಿರ ಬೇರೆ ಪಾಯಿಂಟು ಇರಲಿಲ್ಲ. ಅವಳು ಬರೆದುಕೊಳ್ಳದೆ ಬಿಟ್ಟದ್ದನ್ನು ನಿಮಗೆ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಬಾಳೆಲೆ ಎಂಬ ಊರಿನಲ್ಲಿ. ನನ್ನ ಕಾಲದಲ್ಲಿ ಸೃಜನಶೀಲತೆ ಎಂಬ ಪದ ಶಾಲೆಯೊಳಕ್ಕೆ ಇನ್ನೂ ಬಂದಿರಲಿಲ್ಲ. ಡ್ರಾಯಿಂಗ್ ಪೀರಿಯಡ್ ಇತ್ತು. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಕಿತ್ತಳೆ ಹಣ್ಣು ಬರೆಯುತ್ತಿದ್ದರು, ನಾವೆಲ್ಲ ಅದನ್ನು ನೋಡಿ ನಮ್ಮ ಕಿತ್ತಳೆ ಬರೆಯುತ್ತಿದ್ದೆವು. ಮುಂದಿನ ವಾರವೂ ಕಿತ್ತಳೆಯೇ. ಬೇಸರವಾಗಿ ಒಮ್ಮೆ ನನ್ನ ಕಿತ್ತಳೆಗೊಂದು ತೂತು ಮಾಡಿ, ಅದರೊಳಗಿಂದ ಒಂದು ಇರುವೆ ತಲೆ ಹೊರಹಾಕಿ ನೋಡುವಂತೆ ಬರೆದೆ. ನಮ್ಮ ಮನೆ ಹಿಂದಿನ ಕಿತ್ತಳೆಗಳು ಹಾಗೇ ಇರುತ್ತಿದ್ದವು. ಮೇಷ್ಟ್ರು ಪುಸ್ತಕವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಹಣ್ಣು ಚೆನ್ನಾಗಿದೆ. ಈ ಇರುವೆಗೆ ಯಾರು ಪರ್ಮಿಷನ್ ಕೊಟ್ಟಿದ್ದು?" ಎಂದರು. ಹಣ್ಣಿಗೆ ಅಂಕ ಕೊಟ್ಟು ಇರುವೆಗೆ ಅಂಕ ಕಳೆದರು. ಅವರು ಕೆಟ್ಟವರೇನಲ್ಲ, ಮಳೆಗಾಲದಲ್ಲಿ ತಮ್ಮ ಕೊಡೆಯಡಿ ನಮ್ಮನ್ನು ತುಂಬಿ ಹರಿಯುವ ತೋಡು ದಾಟಿಸುತ್ತಿದ್ದರು. ಇರುವೆ ಸಿಲೆಬಸ್ಸಿನಲ್ಲಿ ಇರಲಿಲ್ಲ, ಅಷ್ಟೆ.

ಮುಂದೆ ನಾನೇ ಮೇಡಂ ಆಗಿ, ಗಣಿತ ವಿಜ್ಞಾನ ಕಲಿಸಲು ಕೊಡ್ಲಿಪೇಟೆ ಹತ್ತಿರದ ಒಂದು ಸರ್ಕಾರಿ ಶಾಲೆಗೆ ಬಂದೆ. ಜಿಲ್ಲೆ ಒಂದೇ ಆದರೂ ದಕ್ಷಿಣದ ತುದಿಯಿಂದ ಉತ್ತರದ ತುದಿಗೆ ಬಂದ ನನ್ನ ಕನ್ನಡ ಅಲ್ಲಿಯ ಮಕ್ಕಳಿಗೆ ತಮಾಷೆಯಾಗಿತ್ತು. "ಮಿಸ್, ನೀವು ಪಾಠದ ಪುಸ್ತಕ ಮಾತಾಡ್ದಂಗೆ ಮಾತಾಡ್ತೀರ" ಎಂದು ಮೊದಲ ದಿನವೇ ಒಬ್ಬಳು ಎದ್ದು ನಿಂತು ಹೇಳಿದಳು. ಅವಳೇ ಜೀವಿತಾ. ಆಗಿನ್ನೂ ನಾಲ್ಕನೇ ಕ್ಲಾಸು. ಕೊಡ್ಲಿಪೇಟೆ ಪೇಟೆಬೀದಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದ ಶಶಿಕಲಾ ಅವರ ಮಗಳು. ಕೂತಲ್ಲಿ ಕೂರದ ಹುಡುಗಿ. ಅವಳ ಬಾಯಿ ಮುಚ್ಚಿಸಿದರೆ ಕೈ ಮಾತಾಡುತ್ತಿತ್ತು, ಕೈ ಕಟ್ಟಿಸಿದರೆ ಕಾಲು ಬೆಂಚಿನ ಕೆಳಗೆ ಏನೋ ಹುಡುಕುತ್ತಿತ್ತು.

ಆ ಶಾಲೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಗಂಟೆ. ಗಂಟೆ ಎಂದರೆ ರೈಲು ಕಂಬಿಯ ಒಂದು ತುಂಡು. ಅಂಗಳದ ಸಿಲ್ವರ್ ಮರದ ಕೊಂಬೆಗೆ ತೂಗುಹಾಕಿದ್ದರು. ರೈಲೇ ಓಡದ ನಮ್ಮ ಜಿಲ್ಲೆಗೆ ಆ ತುಂಡು ಹೇಗೆ ಬಂತೋ ಯಾರಿಗೂ ಗೊತ್ತಿರಲಿಲ್ಲ. ರೈಲು ನೋಡದ ಎಷ್ಟೋ ಮಕ್ಕಳು ರೈಲು 'ಠಣ್ ಠಣ್' ಎನ್ನುತ್ತಾ ಹೋಗುತ್ತದೆ ಎಂದೇ ನಂಬಿದ್ದರು. ನಾನು ತಿದ್ದಲು ಹೋಗಲಿಲ್ಲ.

ಜೀವಿತಾ ಆರನೇ ಕ್ಲಾಸಿಗೆ ಬಂದ ವರ್ಷ, ಶಾಲೆ ತೆರೆಯುವ ಮುಂಚೆ, ನನಗೊಂದು ತರಬೇತಿಯಾಯಿತು. ವಿಷಯ ಸೃಜನಶೀಲತೆ. ನಾವು ಶಿಕ್ಷಕರೆಲ್ಲ ಸಾಲಾಗಿ ಕೂತು, ಹೇಳಿಕೊಟ್ಟ ಹಾಗೆಯೇ ಮಡಚಿ, ಒಂದೇ ಅಳತೆಯ ಕಾಗದದ ಕಪ್ಪೆಗಳನ್ನು ಮಾಡಿದೆವು. ನನ್ನ ಕಪ್ಪೆ ಹಾರಲಿಲ್ಲ. ಆದರೂ ಉತ್ಸಾಹದಿಂದ ಶಾಲೆಗೆ ಬಂದು ಆರನೇ ಕ್ಲಾಸಿಗೆ ಬಿಳಿ ಹಾಳೆ ಹಂಚಿದೆ. "ನಿಮಗೆ ಏನು ಬೇಕೋ ಅದನ್ನು ಬರೆಯಿರಿ. ಪೂರ್ತಿ ಸ್ವಾತಂತ್ರ್ಯ!" ಎಂದೆ.

ಎಲ್ಲ ಹಾಳೆಗಳೂ ವಾಪಸ್ಸು ಬಂದವು. ಎಲ್ಲದರಲ್ಲೂ ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಅಲ್ಲಿಂದ ಇಳಿಯುವ ನದಿ, ಪಕ್ಕದಲ್ಲೊಂದು ಗುಡಿಸಲು, ಗುಡಿಸಲ ಪಕ್ಕ ತೆಂಗಿನ ಮರ. ಕಿಟಕಿಯಾಚೆ ನಮ್ಮ ಗುಡ್ಡಗಳು ಮಲಗಿದ ಎಮ್ಮೆಯ ಬೆನ್ನಿನ ಹಾಗೆ ದುಂಡಗೆ, ಅರ್ಧ ಮಂಜಿನೊಳಗಿದ್ದವು.

ನಾನು ಜೀವಿತಾಳನ್ನು ಕಿಟಕಿಯ ಬಳಿ ಕರೆದು, "ಅಲ್ಲಿ ನೋಡು. ಆ ಬೆಟ್ಟ ನೀನು ಬರೆದ ಹಾಗಿದೆಯಾ?" ಎಂದು ಕೇಳಿದೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಅದು ಬೆಟ್ಟ ಮಿಸ್. ಇದು ಡ್ರಾಯಿಂಗು."

ಅದಾಗಿ ಕೆಲವೇ ದಿನಕ್ಕೆ ಮಳೆಗಾಳಿಗೆ ಸಿಲ್ವರ್ ಮರದ ಕೊಂಬೆ ಮುರಿದುಬಿತ್ತು. ಭಾನುವಾರ ಯಾರೋ ಬಂದು ಕೊಂಬೆ ಕಡಿದು ಸೌದೆಗೆ ಒಯ್ದರು. ಕೊಂಬೆಯ ಜೊತೆ ಕಂಬಿಯೂ ಹೋಯಿತು. ನಮ್ಮ ಹೆಡ್ ಮಾಸ್ಟರು ಶಿವಪ್ಪನವರಿಗೆ ಅದೊಂದು ದೊಡ್ಡ ಪೆಟ್ಟು. ಅವರು ಸಮಯದ ಮನುಷ್ಯ. ಬಸ್ಸು ತಡವಾದರೆ ಬಸ್ಸಿನ ಪರವಾಗಿ ತಾವೇ ನಾಚಿಕೊಳ್ಳುವಂಥವರು. ಹೊಸ ಗಂಟೆ ಬರುವ ತನಕ ಊಟದ ತಟ್ಟೆ ಬಾರಿಸಿ ಎಂದರು. ಬಿಸಿಯೂಟದ ಲಲಿತಕ್ಕ ತಟ್ಟೆಯನ್ನು ಕೈಯಿಂದ ಕಿತ್ತುಕೊಂಡು, "ಇದ್ರಲ್ಲಿ ನಾಳೆ ಸಾರು ನಿಲ್ಲೋದು ಬೇಡ್ವ?" ಎಂದು ಒಳಗೆ ಹೋದರು.

ಶಿವಪ್ಪನವರು ಸಿಟ್ಟಿನಲ್ಲಿ ಅಸೆಂಬ್ಲಿಯಲ್ಲೇ ಹೇಳಿಬಿಟ್ಟರು: "ಒಂದೊಂದು ವಾರ ಒಂದೊಂದು ಕ್ಲಾಸು. ಏನಾರ ಮಾಡ್ಕಳಿ. ಪೀರಿಯಡ್ ಮುಗೀತು ಅಂತ ಇಡೀ ಶಾಲೆಗೆ ಗೊತ್ತಾಗ್ಬೇಕು, ಅಷ್ಟೆ."

ಇದನ್ನು ಯಾರೂ ಸೃಜನಶೀಲತೆ ಎಂದು ಕರೆಯಲಿಲ್ಲ. ಬಹುಶಃ ಅದಕ್ಕೇ ಮಕ್ಕಳು ಗಾಬರಿಯಾಗಲಿಲ್ಲ.

ಏಳನೇ ಕ್ಲಾಸಿನವರು ವಿಶಲ್ ಊದಿದರು. ಐದನೆಯವರು ಬಿದಿರು ಬಡಿದರು. ನಾಲ್ಕನೆಯವರು ಎಲ್ಲರೂ ಒಟ್ಟಿಗೆ ಕೋಳಿಯ ಹಾಗೆ ಕೂಗಿದರು, ಅದಕ್ಕೆ ಊರ ಕೋಳಿಗಳು ಉತ್ತರ ಕೊಡಲು ಶುರುಮಾಡಿ ಪೀರಿಯಡ್ಡುಗಳೆಲ್ಲ ಹೆಚ್ಚುಕಡಿಮೆಯಾದವು. ಅಷ್ಟರಲ್ಲಿ ದೊಡ್ಡ ಮಳೆ ಹಿಡಿಯಿತು. ತಗಡಿನ ಶೀಟಿನ ಮೇಲೆ ಮಳೆ ಬಿದ್ದರೆ ನಮ್ಮ ಶಾಲೆಯಲ್ಲಿ ಪಾಠವೇ ಕೇಳುವುದಿಲ್ಲ. ಬೋರ್ಡಿನಲ್ಲಿ ಬರೆಯುತ್ತಾ, ಕೈಸನ್ನೆ ಮಾಡುತ್ತಾ ದಿನ ಕಳೆಯುತ್ತೇವೆ. ವಿಶಲ್ಲೂ ಕೇಳದು, ಬಿದಿರೂ ಕೇಳದು. ಊಟದ ಹೊತ್ತು ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು. ಲಲಿತಕ್ಕ ಸಾಂಬಾರಿಗೆ ಹಾಕಿದ ಒಗ್ಗರಣೆಯ ಘಾಟು ಮಳೆಗೆ ಹೆದರದೆ ಎಲ್ಲ ರೂಮಿಗೂ ಹೋಗಿ ಬರುತ್ತಿತ್ತು.

ಆ ವಾರ ಆರನೇ ಕ್ಲಾಸಿನ ಸರದಿ. ನನ್ನ ಕ್ಲಾಸು. ಶೀಟಿನ ಸದ್ದಿನ ನಡುವೆ ನಾವೆಲ್ಲ ತಲೆಗೆ ತಲೆ ತಾಗಿಸಿ ಕೂತಿದ್ದೆವು. ಜೀವಿತಾ ನನ್ನ ಕಿವಿಯ ಹತ್ತಿರ ಬಂದು ಕಿರುಚಿದಳು.

"ನಮ್ಮಮ್ಮ ಮಿಷಿನ್ ತುಳಿವಾಗ ಕೂಗಿದ್ರೆ ಕೇಳ್ಸಲ್ಲ ಮಿಸ್. ಸೆರಗು ಎಳೀಬೇಕು."

"ಶಾಲೆಗೆ ಸೆರಗು ಎಲ್ಲಿಂದ ತರೋದು?" ನಾನೂ ಕಿರುಚಿದೆ.

"ಕಟ್ಟನ!"

ಕಟ್ಟಿದರು. ಕಾಫಿ ಚೀಲ ಹೊಲಿಯುವ ಗೋಣಿ ದಾರವನ್ನು ಮನೆಮನೆಯಿಂದ ತಂದು, ಒಂದಕ್ಕೊಂದು ಗಂಟು ಹಾಕಿ, ಹೆಡ್ ಮಾಸ್ಟರ ಕಿಟಕಿಯಿಂದ ಹೊರಡಿಸಿ, ಜಗಲಿಯ ತೊಲೆಗುಂಟ ಒಯ್ದು, ಬಾಗಿಲ ಮೇಲಿನ ಗವಾಕ್ಷಿಗಳ ಮೂಲಕ ಎಲ್ಲ ಕ್ಲಾಸಿಗೂ ಒಂದೊಂದು ಕವಲು ಇಳಿಸಿದರು. ದಾರ ತಿರುಗುವ ಕಡೆಯಲ್ಲೆಲ್ಲ ಜೀವಿತಾಳ ಅಮ್ಮನ ಅಂಗಡಿಯಿಂದ ಬಂದ ಖಾಲಿ ನೂಲಿನ ರೀಲುಗಳನ್ನು ಮೊಳೆಗೆ ಸಿಕ್ಕಿಸಿದ್ದರು. ಹೆಡ್ ಮಾಸ್ಟರ ತುದಿಗೆ ಹಿಡಿಕೆಯಾಗಿ ಒಂದು ತೆಂಗಿನ ಚಿಪ್ಪು. ಅದನ್ನು ಎಳೆದರೆ ಯಾವ ಕ್ಲಾಸಿನಲ್ಲಿ ಏನಾಗಬೇಕು ಎಂಬುದನ್ನು ಆಯಾ ಕ್ಲಾಸಿನವರೇ ತೀರ್ಮಾನಿಸಲಿ ಎಂದು ಜೀವಿತಾ ಹೇಳಿದಳು. ಏಳನೆಯವರು ಒಂದು ರಟ್ಟನ್ನು ತಿರುಗಿ ಬೀಳುವಂತೆ ಕಟ್ಟಿದರು, ಅದರಲ್ಲಿ 'ಸಾಕು' ಎಂದು ಬರೆದಿತ್ತು. ಐದನೆಯವರ ಕಪಾಟಿನ ಮೇಲಿಂದ ಕಾಫಿ ಬೀಜ ತುಂಬಿದ ಪೌಡರ್ ಡಬ್ಬಿ ಜಾರಿ ಜೋತಾಡುತ್ತಿತ್ತು. ಒಂದನೇ ಕ್ಲಾಸಿನ ಪುಟಾಣಿಗಳು ಹರಿದ ಕೊಡೆಯ ಬಟ್ಟೆಯಲ್ಲೊಂದು ಹಕ್ಕಿ ಮಾಡಿಸಿಕೊಂಡರು. ದಾರ ಎಳೆದಾಗ ಅದು ಎರಡೂ ರೆಕ್ಕೆ ಎತ್ತುತ್ತಿತ್ತು.

"ಇದೇನ್ ಶಾಲೆಯೋ ಗೊಂಬೆಯಾಟದ ಮನೆಯೋ" ಎಂದು ಶಿವಪ್ಪನವರು ಗೊಣಗಿದರು. ಆದರೆ ಮಾರನೆಯ ದಿನದಿಂದ ಚಿಪ್ಪು ಎಳೆಯುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಎಳೆಯುವ ಮುಂಚೆ ಒಮ್ಮೆ ಮೀಸೆ ಸವರಿಕೊಳ್ಳುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆಮೇಲೊಂದು ದಿನ ಹಕ್ಕಿ ತಾನಾಗಿಯೇ ಹಾರಿತು.

ಊಟಕ್ಕೆ ಮುಂಚಿನ ಮೂರನೇ ಪೀರಿಯಡ್ಡು ಅರ್ಧವೂ ಆಗಿರಲಿಲ್ಲ. ಹಕ್ಕಿ ಮೆಲ್ಲಗೆ ರೆಕ್ಕೆ ಎತ್ತಿತಂತೆ. ಒಂದನೇ ಕ್ಲಾಸು ಪೂರ್ತಿ ತಟ್ಟೆ ಹಿಡಿದು ಸಾಲಾಗಿ ಅಡುಗೆಮನೆಗೆ ಹೋಯಿತು. ಲಲಿತಕ್ಕ ಸೌಟು ಹಿಡಿದು ಹೊರಬಂದು, "ಅನ್ನ ಇನ್ನೂ ಕುದೀತದೆ, ಹೋಗ್ರೋ!" ಎಂದು ಅಟ್ಟಿದರು. ಶಿವಪ್ಪನವರು ಬೆಂಕಿಯಾಗಿ ಬಂದು, ದಾರ ಎಳೆದವರು ಯಾರು ಎಂದು ಕೇಳಿದರು. ಎಲ್ಲರೂ ಜೀವಿತಾಳನ್ನು ನೋಡಿದರು. ನಾನೂ ನೋಡಿದೆ.

"ನಾನಲ್ಲ ಸಾರ್" ಎಂದಳು. ಮಾರನೆಯ ದಿನ ಮತ್ತೆ ಹಾಗೇ ಆಯಿತು. ಆಗ ಅವಳು ನನ್ನ ಮುಂದೆಯೇ, ನನ್ನ ಮೇಜಿನ ಪಕ್ಕದಲ್ಲೇ ಇದ್ದಳು. ಊಟ ಬಿಟ್ಟು ಜಗಲಿಯಲ್ಲಿ ಕತ್ತೆತ್ತಿ ನಿಂತು ಇರಚಲಿಗೆ ನೆಂದ ದಾರವನ್ನೇ ನೋಡಿದಳು. ಕೊನೆಗೆ ಬಂದು ಹೇಳಿದಳು:

"ದಾರಕ್ಕೆ ಚಳಿ ಆಗ್ತದೆ ಮಿಸ್. ಮುದುಡ್ಕೊತದೆ."

ನಾನು ವಿಜ್ಞಾನದ ಮೇಡಂ. ನಕ್ಕು, "ಇಲ್ಲ ಕಣೆ. ನೆಂದರೆ ವಸ್ತುಗಳು ಉಬ್ಬುತ್ತವೆ. ಮಳೆಗಾಲದಲ್ಲಿ ನಮ್ಮ ಬಾಗಿಲು ಉಬ್ಬಿ ಹಾಕೋಕೆ ಬರೋದಿಲ್ಲ ಅಲ್ವಾ?" ಎಂದೆ.

ಅವಳು ಸ್ವಲ್ಪ ಯೋಚಿಸಿದಳು. "ಉಬ್ಬಿದ್ರೆ ದಪ್ಪ ಆಗ್ತದೆ. ಉದ್ದ ಯಾಕ್ ಆಗ್ಬೇಕು?"

ನನಗೆ ಗೊತ್ತಿಲ್ಲ, ನೋಡೋಣ ಎಂದೆ. ನೋಡೋಣ ಎಂದದ್ದೇ ತಡ, ಕ್ಲಾಸು ಕ್ಲಾಸಾಗಿ ಉಳಿಯಲಿಲ್ಲ. ಕಿಟಕಿಯ ಸರಳಿಗೆ ಒಂದೇ ಉದ್ದದ ಎರಡು ಗೋಣಿ ದಾರ ತೂಗುಹಾಕಿ, ತುದಿಗೆ ಒಂದೊಂದು ಕಲ್ಲು ಕಟ್ಟಿ, ಒಂದಕ್ಕೆ ಮಾತ್ರ ನೀರು ಸುರಿದರು. ಎಲ್ಲರೂ ಕಲ್ಲನ್ನೇ ನೋಡುತ್ತಾ ಕೂತರು. ನಾನೂ ನೆಲದ ಮೇಲೆಯೇ ಕೂತೆ. ನೆಂದ ದಾರದ ಕಲ್ಲು ನೋಡನೋಡುತ್ತ ಮೇಲೇರಿತು. ತುಂಬ ಅಲ್ಲ, ಒಂದು ಉಗುರಿನಷ್ಟು. ಆದರೆ ಮೇಲೇರಿತು!

ಯಾಕೆ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ವಾದ. ಚಳಿ ಎಂದು ಜೀವಿತಾ. ದಾರ ಕೋಪಿಸಿಕೊಂಡಿದೆ ಎಂದು ಇನ್ನೊಬ್ಬಳು. ಮೂಲೆಯಲ್ಲಿದ್ದ ಒಬ್ಬ ಎದ್ದು, "ಹೊಟ್ಟೆ ತುಂಬ ಉಂಡ್ರೆ ಶರ್ಟು ಮೇಲಕ್ಕೆ ಹೋಗ್ತದಲ್ಲ ಮಿಸ್, ಹಂಗೆ. ದಾರ ನೀರು ಕುಡ್ದು ದಪ್ಪ ಆಯ್ತು, ಅದ್ಕೆ ಗಿಡ್ಡ ಆಯ್ತು" ಎಂದ. ಬಾಗಿಲಲ್ಲಿ ನಿಂತಿದ್ದ ಶಿವಪ್ಪನವರು ತಮ್ಮ ಶರ್ಟನ್ನು ಕೆಳಕ್ಕೆ ಎಳೆದುಕೊಂಡರು. ಮನೆಗೆ ಹೋಗಿ ಪುಸ್ತಕ ತೆಗೆದು ನೋಡಿದೆ. ಹೊಸೆದ ದಾರದ ಎಳೆಗಳು ನೀರು ಕುಡಿದು ದಪ್ಪವಾಗುತ್ತವೆ, ಆ ದಪ್ಪವನ್ನು ಸುತ್ತಿಬರಲು ಪಕ್ಕದ ಎಳೆಗಳ ಉದ್ದ ಖರ್ಚಾಗುತ್ತದೆ. ಶರ್ಟಿನ ಲೆಕ್ಕವೇ ಸರಿ.

ಆಮೇಲೆ ಚಿಪ್ಪಿನ ಹತ್ತಿರ ದಾರ ಸಡಿಲಿಸುವ ಒಂದು ಕೊಕ್ಕೆ ಬಂತು. ಚಿಪ್ಪು ಮೇಲೆ ಹೋದರೆ ಥಂಡಿ ಜಾಸ್ತಿ, ಕೆಳಗೆ ಬಂದರೆ ಬಿಸಿಲು ಬರಬಹುದು ಎಂದು ಮಕ್ಕಳು ಹೇಳತೊಡಗಿದರು. ಲಲಿತಕ್ಕ ಮೆಣಸಿನಕಾಯಿ ಒಣಗಿಸುವ ಮುಂಚೆ ಹೆಡ್ ಮಾಸ್ಟರ ಕಿಟಕಿಯಲ್ಲಿ ಇಣುಕಿ ಚಿಪ್ಪು ನೋಡಿಕೊಂಡು ಹೋಗುತ್ತಿದ್ದರು.

ಇಷ್ಟೆಲ್ಲ ಖುಷಿಯ ನಡುವೆ ಒಂದು ಬೆಳಿಗ್ಗೆ ಜೀವಿತಾಳ ಅಮ್ಮ ಶಶಿಕಲಾ ಶಾಲೆಗೆ ಬಂದರು. ಕೊಡೆಯನ್ನು ಮಡಚಲೂ ಇಲ್ಲ.

"ಓದ್ಸಕ್ಕೆ ಕಳ್ಸಿದ್ದು ಮಿಸ್, ದಾರ ಕಟ್ಸಕ್ಕಲ್ಲ. ಅಂಗಡಿ ಬಾಗ್ಲಿಗೂ ನನ್ನ ಮಿಷಿನ್ನಿಗೂ ದಾರ ಕಟ್ಟವ್ಳೆ. ಗಿರಾಕಿ ಬಾಗ್ಲು ತಳ್ಳಿದ್ರೆ ನನ್ನ ಮೂಗಿನ್ ಮುಂದೆ ಟೇಪು ಕುಣೀತದೆ. ನಿನ್ನೆ ಒಬ್ರು ಅದಕ್ಕೆ ಕಾಲು ಸಿಕ್ಕಂಡು ಬಿದ್ರು. ಪೇಟೇಲಿ ಎಲ್ರೂ ಮಕ್ಳನ್ನ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕ್ತವ್ರೆ. ನಂಗೂ ಟಿ.ಸಿ. ಕೊಟ್ಬಿಡಿ."

ನಮ್ಮಂಥ ಶಾಲೆಯಿಂದ ಒಂದು ಟಿ.ಸಿ. ಹೋದರೆ ಅದರ ಬೆನ್ನಿಗೆ ಇನ್ನಷ್ಟು ಹೋಗುತ್ತವೆ, ಆಮೇಲೆ ಶಾಲೆಯೇ ಹೋಗುತ್ತದೆ. ಅದಕ್ಕಿಂತ, ಈ ಹುಡುಗಿಯಿಲ್ಲದ ಕ್ಲಾಸನ್ನು ನೆನೆಸಿಕೊಳ್ಳಲೂ ಆಗಲಿಲ್ಲ. ತರಬೇತಿಯಲ್ಲಿ ಕೇಳಿದ ದೊಡ್ಡ ಪದಗಳೆಲ್ಲ ನಾಲಿಗೆಯ ತುದಿಗೆ ಬಂದವು. ಒಂದೂ ಆ ಕೊಡೆಯ ಮುಂದೆ ನಿಲ್ಲುವಂತಿರಲಿಲ್ಲ.

ಶಿವಪ್ಪನವರು ಹೇಳಿದರು: "ಕೊಡ್ತೀನಿ ಕಣಮ್ಮ. ಅದಕ್ಕೂ ಮುಂಚೆ ನಿಮ್ ಹುಡ್ಗಿ ಏನ್ ಮಾಡವ್ಳೆ ಅಂತ ಒಂದ್ಸಲ ನೋಡ್ಕಂಡ್ ಹೋಗಿ."

ಜೀವಿತಾ ಬಂದಳು. ಯಾವತ್ತೂ ಇಲ್ಲದ ಸಣ್ಣ ದನಿಯಲ್ಲಿ, ಅಮ್ಮನ ಮುಖ ನೋಡದೆ, ಕಿಟಕಿಯ ಎರಡು ದಾರಗಳನ್ನು ತೋರಿಸಿದಳು. ನೀರು ಹಾಕಿದಳು. ಕಲ್ಲು ಏರಿತು. ಶಶಿಕಲಾ ಬಗ್ಗಿ ನೋಡಿದರು. ದಾರವನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು.

"ಇದಕ್ಕೆ ಇಷ್ಟೆಲ್ಲ ಯಾಕೆ? ಬ್ಲೌಸಿನ ಲೈನಿಂಗು ನೆನೆಸ್ದೆ ಹೊಲಿದ್ರೂ ಹಿಂಗೇ ಆಗ್ತದೆ. ಒಂದು ಒಗೆತಕ್ಕೆ ಕುಗ್ತದೆ."

ಜೀವಿತಾ ತಟ್ಟನೆ ತಲೆಯೆತ್ತಿದಳು. "ಮತ್ತೆ ನೀ ಯಾಕಮ್ಮ ನಂಗೆ ಹೇಳ್ಲಿಲ್ಲ?"

"ನೀ ಕೇಳಿದ್ಯಾ?"

"ಈಗ ಕೇಳ್ತೀನಿ. ರೇಷ್ಮೆನೂ ಕುಗ್ತದಾ? ಉಣ್ಣೆ? ನೈಲಾನು ಕುಗ್ಗಲ್ವಾ? ಯಾಕೆ?"

ಶಶಿಕಲಾ ಉತ್ತರ ಕೊಡುತ್ತಾ ಹೋದರು. ಯಾವಾಗ ಕೊಡೆ ಮಡಚಿ ಬೆಂಚಿನ ಮೇಲೆ ಕೂತರೋ ಅವರಿಗೂ ತಿಳಿಯಲಿಲ್ಲ. ಹೊರಡುವಾಗ ಟಿ.ಸಿ.ಯ ಮಾತು ನೆನಪಾಗಿ, "ಪರೀಕ್ಷೆ ಆಗ್ಲಿ, ನೋಡನ" ಎಂದು ಗಂಭೀರವಾಗಿ ಹೇಳಿ ಹೋದರು. ಆ ಪರೀಕ್ಷೆಯ ತನಕ ನಾನು ದಾರದ ಮೇಲೆ ನಡೆಯುವವಳ ಹಾಗೆ ಇದ್ದೆ.

ಮಳೆ ಇಳಿದು ಕಾಫಿ ಕಾಯಿ ಬಲಿಯುವ ಹೊತ್ತಿಗೆ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ಎಸ್ಟೇಟ್ ಓನರು, ಕಂಬಿ ಕಳೆದ ಸುದ್ದಿ ತಡವಾಗಿ ಕೇಳಿ ಒಂದು ಕರೆಂಟಿನ ಬೆಲ್ಲನ್ನು ದಾನವಾಗಿ ಕೊಟ್ಟರು. ಹೊತ್ತಿಗೆ ಸರಿಯಾಗಿ ತಾನೇ ಬಾರಿಸಿಕೊಳ್ಳುವ ಬೆಲ್ಲು. ಹಾರ, ಭಾಷಣ, ಲಾಡು ಎಲ್ಲ ಆಯಿತು. ಬೆಲ್ಲು ಜೋರಾಗಿ ಹೊಡೆದುಕೊಂಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಲಾಡನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟೆ. ದಾರದ ಕಾಲ ಮುಗಿಯಿತು ಎಂದು ಮಕ್ಕಳ ಪರವಾಗಿ ನಾನೇ ದುಃಖಪಡುತ್ತಾ ಕೂತೆ.

ಸೋಮವಾರ ಮೊದಲ ಪೀರಿಯಡ್ಡು ಮುಗಿದು ಬೆಲ್ಲಾಯಿತು. ಎಲ್ಲ ಕ್ಲಾಸಿನವರೂ ಎದ್ದರು. ಒಂದನೇ ಕ್ಲಾಸಿನವರು ಮಾತ್ರ ಕೈಕಟ್ಟಿ ಕೂತೇ ಇದ್ದರು. ಶಿವಪ್ಪನವರು ಹೋಗಿ, "ಬೆಲ್ ಆಯ್ತಲ್ರೋ, ಏಳಿ" ಎಂದರು. ಮುಂದಿನ ಸಾಲಿನ ರಿಹಾನ್ ಮೇಲಕ್ಕೆ ಬೆರಳು ತೋರಿಸಿದ.

"ಹಕ್ಕಿ ಇನ್ನೂ ಹಾರಿಲ್ಲ ಸಾರ್."

ಶಿವಪ್ಪನವರು ಕತ್ತೆತ್ತಿ ಹಕ್ಕಿಯನ್ನು ನೋಡಿದರು. ಆಮೇಲೆ ಜಗಲಿಯುದ್ದಕ್ಕೂ ನಡೆದು ತಮ್ಮ ಕೋಣೆಗೆ ಹೋಗಿ ಚಿಪ್ಪು ಎಳೆದು ಬಂದರು. ಅಂದಿನಿಂದ ನಮ್ಮ ಶಾಲೆಯಲ್ಲಿ ಪೀರಿಯಡ್ಡು ಎರಡೆರಡು ಸಲ ಮುಗಿಯತೊಡಗಿತು.

ಜೀವಿತಾ ಏನು ಮಾಡುತ್ತಾಳೋ ಎಂಬ ಕಳವಳ ನನಗೆ. ಅವಳು ದುಃಖಪಡುವವಳಲ್ಲ. ಆ ಸೋಮವಾರದಿಂದಲೇ ಬಿಡುವು ಸಿಕ್ಕಾಗಲೆಲ್ಲ ಬೆಲ್ಲಿನ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಹೇಳದೆ ಕೇಳದೆ ಏಣಿ ಹತ್ತಿಯಾಳು ಎಂದು ನಾನೂ ಒಂದು ಕಣ್ಣಿಟ್ಟಿದ್ದೆ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮರುದಿನ, ಮಧ್ಯಾಹ್ನ, ನೇರವಾಗಿ ಹೆಡ್ ಮಾಸ್ಟರ ಮುಂದೆ ಹೋಗಿ ನಿಂತಳು. ನಾನು ಅಲ್ಲೇ ಹಾಜರಿ ಹಾಕುತ್ತಿದ್ದೆ.

"ಸಾರ್, ದಾರಕ್ಕೆ ಟೈಮ್ ಆಯ್ತು ಅಂತ ನೀವು ಹೇಳ್ತಿದ್ರಿ. ಈ ಬೆಲ್ಲಿಗೆ ಯಾರು ಹೇಳ್ತಾರೆ?"

ಶಿವಪ್ಪನವರು ನನ್ನನ್ನು ನೋಡಿದರು. ನಾನು ಹಾಜರಿ ಪುಸ್ತಕ ನೋಡಿದೆ.

"ಅದ್ರೊಳಗೆ ಏನೋ ಇರ್ತದೆ ಕಣೆ."

"ಬಿಚ್ಚಿ ನೋಡನ ಸಾರ್?"

"ಬಿಚ್ಚದಾ? ಲಾಡು ತಿಂದು ಇನ್ನೂ ಬಾಯಿ ಒರ್ಸಿಲ್ಲ! ಯಾತ್ರಲ್ಲಿ ಬಿಚ್ತೀಯ?"

ಜೀವಿತಾ ಲಂಗದ ಜೇಬಿನಿಂದ ಒಂದು ಪುಟ್ಟ ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲಿಟ್ಟಳು. ಹೊಲಿಗೆ ಮಿಷಿನ್ನಿನ ಖಾನೆಯಲ್ಲಿ ಇರುತ್ತದಲ್ಲ, ಅಂಥದ್ದು. ಹಿಡಿ ಬಳಸಿ ಬಳಸಿ ಹೊಳೆಯುತ್ತಿತ್ತು.

"ಅಂಗಡಿಯಿಂದ ಎತ್ಕೊಂಡ್ ಬಂದ್ಯಾ?" ನಾನು ಗಾಬರಿಯಲ್ಲಿ ಕೇಳಿದೆ.

"ಇಲ್ಲ ಮಿಸ್, ಅಮ್ಮನೇ ಕೊಟ್ಟಿದ್ದು. ಬಿಚ್ಚಿದ್ ಸ್ಕ್ರೂವೆಲ್ಲ ಬಿಚ್ಚಿದ್ ಸಾಲಲ್ಲೇ ಇಡು ಅಂತ ಹೇಳವ್ಳೆ. ಏನಿತ್ತು ಅಂತ ಸಾಯಂಕಾಲ ಬಂದು ಅವಳಿಗೂ ಹೇಳ್ಬೇಕಂತೆ."

ಟಿ.ಸಿ.ಯ ಪ್ರಶ್ನೆಗೆ ಉತ್ತರ ಮೇಜಿನ ಮೇಲೆ ಬಿದ್ದಿತ್ತು. ಶಿವಪ್ಪನವರು ಅದನ್ನು ಎತ್ತಿ, ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು.

"ತಿರ್ಗಾ ಜೋಡಿಸ್ತೀಯ?"

"ಗೊತ್ತಿಲ್ಲ ಸಾರ್."

ಆ ಸಮಯದ ಮನುಷ್ಯ ಎದ್ದರು, ಗೋಡೆಯ ಬಳಿ ಹೋದರು, ಮೈನ್ ಸ್ವಿಚ್ಚನ್ನು ಕೆಳಕ್ಕೆ ಎಳೆದರು. ಫ್ಯಾನು ನಿಧಾನವಾಗಿ ನಿಂತಿತು.

"ಮಿಸ್, ನೀವು ಏಣಿ ಹಿಡ್ಕಳಿ" ಎಂದರು. "ಕೆಳಕ್ಕೆ ನಾನೇ ಇಳಿಸಿ ಕೊಡ್ತೀನಿ."

ಬೆಲ್ಲು ಮೇಜಿಗೆ ಬಂತು. ಮೊದಲ ಸ್ಕ್ರೂ ತಿರುಗುವಷ್ಟರಲ್ಲಿ ಆರನೇ ಕ್ಲಾಸು ಕಿಟಕಿಯಲ್ಲಿತ್ತು, ಎರಡನೆಯದು ತಿರುಗುವಷ್ಟರಲ್ಲಿ ಏಳನೆಯದು ಬಾಗಿಲಲ್ಲಿ. ಒಂದನೇ ಕ್ಲಾಸಿನ ಪುಟಾಣಿಗಳು ದೊಡ್ಡವರ ಕಾಲುಗಳ ಸಂದಿಯಿಂದ ತಲೆ ತೂರಿಸಿ ಒಳಗೆ ಬಂದವು. ಲಲಿತಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹಿಂದೆ ನಿಂತರು. ಆ ಮಧ್ಯಾಹ್ನದ ಪೀರಿಯಡ್ಡು ಯಾವಾಗ ಮುಗಿಯಿತೆಂದು ನಮ್ಮ ಶಾಲೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.